ಲಾರಿಯ ಕೀಲಿಗೆ ಶುಕ್ರವಾರದ ಪೂಜೆ

ಚಿಂತೆ ಮಾಡುವುದೂ ಒಂದು ಕಸುಬು. ಅದಕ್ಕೆ ರಜೆಯಿಲ್ಲ, ನಿವೃತ್ತಿಯಿಲ್ಲ, ಎಷ್ಟು ಚೆನ್ನಾಗಿ ಮಾಡಿದರೂ ಯಾರೂ ಶಹಬ್ಬಾಸ್ ಎನ್ನುವುದಿಲ್ಲ. ನಾನು ಇದನ್ನು ಹದಿನಾರನೇ ವಯಸ್ಸಿಗೆ ಶುರು ಮಾಡಿದೆ, ಈಗ ಐವತ್ತೆರಡು. ಬೀದಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೇ ಎಂದು ಹಿಂದಿರುಗುವವರು ಊರಿನಲ್ಲಿ ಬಹಳ ಜನ ಇದ್ದಾರೆ. ನಾನು ಹಿಂದಿರುಗಿ, ಆರಿದೆಯೆಂದು ಕಂಡು, ಮತ್ತೆ ತಿರುವು ತಲುಪಿದ ಮೇಲೆ, ನೋಡುವಾಗ ಕೈ ತಾಗಿ ಹತ್ತಿಕೊಂಡಿತೇನೋ ಎಂದು ಎರಡನೇ ಸಲ ಬರುವವನು. ಅದಕ್ಕೇ ನನ್ನ ಹೆಂಡತಿ ನಾಗರತ್ನ ನಾನು ಹೊರಟ ಕೂಡಲೇ ಬಾಗಿಲು ಹಾಕುವುದಿಲ್ಲ. ಎರಡು ಸಲ ಬಂದು ಹೋದ ಮೇಲೆ ಚಿಲಕ ಹಾಕುತ್ತಾಳೆ.

ಯಲಹಂಕದ ಹಳೇ ಊರಿನಲ್ಲಿ ನಮ್ಮದೊಂದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಿದೆ. ಅಪ್ಪ ಇಟ್ಟದ್ದು. ಜೊತೆಗೆ ಅಪ್ಪ ಕೊಂಡ ಒಂದು ಸಣ್ಣ ಲಾರಿಯೂ ಇದೆ. ಚಿಂತೆ ಮಾಡುವವನಿಗೆ ಹಳೆಯ ಲಾರಿಯಂಥ ಆಸ್ತಿ ಇನ್ನೊಂದಿಲ್ಲ. ಹೆಬ್ಬಾಳದ ಫ್ಲೈಓವರ್ ಏರುವಾಗ ಏರುತ್ತದೋ ಇಲ್ಲವೋ ಎಂಬ ಚಿಂತೆ, ಏರಿದ ಮೇಲೆ ಇಳಿಯುವಾಗ ನಿಲ್ಲುತ್ತದೋ ಇಲ್ಲವೋ ಎಂಬ ಚಿಂತೆ. ಒಮ್ಮೆ ಬಾಗಲೂರಿನ ಮದುವೆಮನೆಯ ಮುಂದೆ ಲಾರಿಯ ಹಿಂಬದಿಯ ಹಲಗೆ ಕಳಚಿ, ಅನ್ನದ ಕೊಳಗವೊಂದು ಉರುಳಿಕೊಂಡು ಹೋಗಿ, ಆಗತಾನೇ ಕಾರಿನಿಂದಿಳಿದ ಗಂಡಿನ ಕಾಲ ಬಳಿ ನಿಂತಿತು. ಆ ಹುಡುಗ ಅದಕ್ಕೂ ನಮಸ್ಕಾರ ಮಾಡಿದ. ಮದುವೆಯ ದಿನ ಎಲ್ಲರಿಗೂ ನಮಸ್ಕಾರ ಮಾಡಿ ಮಾಡಿ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಎಲ್ಲರೂ ನಕ್ಕರು. ನಾನು ಮಾತ್ರ ಇಂದಿಗೂ ಆ ಹಲಗೆಗೆ ದಿನಕ್ಕೆರಡು ಸಲ ಹಗ್ಗ ಬಿಗಿಯುತ್ತೇನೆ.

ಆ ಲಾರಿಯನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿರುವವರು ಶರಣಪ್ಪನವರು. ಕುಷ್ಟಗಿ ಕಡೆಯವರು, ಸಂಸಾರ ಸಮೇತ ಬ್ಯಾಟರಾಯನಪುರದಲ್ಲಿದ್ದಾರೆ. ಯಾವ ಛತ್ರದ ಗೇಟಿನಲ್ಲಿ ಲಾರಿ ಹಿಂದುಮುಂದಾಗಿ ಹೋಗಬೇಕು, ಯಾವ ಬೀದಿಯ ಕೇಬಲ್ ತಂತಿ ಶಾಮಿಯಾನದ ಕಂಬಕ್ಕೆ ಸಿಕ್ಕುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ನಾನೇ ಆಡುವುದರಿಂದ ಇಬ್ಬರ ನಡುವೆ ಸಂಭಾಷಣೆಗೆ ಕೊರತೆಯಿಲ್ಲ. ಲಾರಿಯ ರಕ್ಷಣೆಯಲ್ಲಿ ನನ್ನ ಪಾಲೆಂದರೆ ಶುಕ್ರವಾರದ ಪೂಜೆ. ಆಯುಧಪೂಜೆಗೆ ವರ್ಷಕ್ಕೊಮ್ಮೆ ಗಾಡಿ ಪೂಜಿಸಿದರೆ ಮಿಕ್ಕವರಿಗೆ ಸಾಕಾಗುತ್ತದೆ. ನನಗೆ ವಾರಕ್ಕೊಮ್ಮೆ ಬೇಕು. ಗಾಜಿಗೆ ವಿಭೂತಿ, ಸ್ಟೀರಿಂಗಿಗೆ ಹೂವು, ಕೊನೆಗೆ ಗಾಡಿಯ ಜೀವ ಇರುವುದು ಅಲ್ಲೇ ತಾನೇ ಎಂದು, ಸ್ಟೀರಿಂಗಿನ ಕಂಬದ ಬಲಗಡೆ ಕೀಲಿ ಹಾಕುವ ಕಡೆ ಒಂದು ಬೊಟ್ಟು ಗಂಧ, ಅದರ ಮೇಲೆ ಕುಂಕುಮ. ಕುಂಕುಮ ಇಡುವಾಗ ನಾನು ಕಣ್ಣು ಮುಚ್ಚುತ್ತೇನೆ. ಕಣ್ಣು ತೆರೆದಿದ್ದರೆ ಟೈರು ಸವೆದದ್ದು, ಬಾಗಿಲಿಗೆ ತುಕ್ಕು ಹಿಡಿದದ್ದು ಕಂಡು ಭಕ್ತಿ ಕೆಡುತ್ತದೆ.

ಈಚೆಗೆ ಶರಣಪ್ಪನವರು ಮಗಳ ಹೆರಿಗೆಗೆಂದು ಒಂದು ತಿಂಗಳು ಊರಿಗೆ ಹೋದರು. ಬದಲಿಗೆ ಬಂದ ಡ್ರೈವರ್ ಲಾರಿ ಓಡಿಸುತ್ತಲೇ ಮೊಬೈಲಿನಲ್ಲಿ ಮಾತಾಡುವವನು. ಹೀಗಾಗಿ ಶುಕ್ರವಾರದ ಪೂಜೆಯನ್ನು ನಾನು ದಿನಾ ಮಾಡತೊಡಗಿದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಆತ, "ಅಣ್ಣ, ಕೀ ಯಾಕೋ ಟೈಟು. ತಿರುಗ್ತಾನೇ ಇಲ್ಲ" ಎಂದ. ನಾನು ತೂತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಮಾರನೆಯ ದಿನದಿಂದ ಕುಂಕುಮ ಸ್ವಲ್ಪ ಹೆಚ್ಚೇ ಇಟ್ಟೆ. ಕೈಲಾದದ್ದನ್ನೆಲ್ಲ ಮಾಡಬೇಕಲ್ಲವೇ.

ಶರಣಪ್ಪನವರು ವಾಪಸು ಬಂದ ಬೆಳಿಗ್ಗೆ ಲಾರಿ ಹತ್ತಿ ಕುಳಿತು ಕೀಲಿ ಹಾಕಿದರು. ತಿರುಗಲಿಲ್ಲ. ಕೀಲಿ ತೆಗೆದು ಒರೆಸಿ ಮತ್ತೆ ಹಾಕಿ ತಿರುಗಿಸಿದರು. ಒಳಗೆ ಟಪ್ ಎಂದಿತು. ಅಲ್ಲಿಂದ ಮುಂದೆ ಕೀಲಿ ಎತ್ತ ಬೇಕಾದರೂ ತಿರುಗಿತು, ಬಾವಿಯಿಲ್ಲದ ರಾಟೆಯ ಹಾಗೆ. ಲಾರಿ ಮಾತ್ರ ಕೆಮ್ಮಲೂ ಇಲ್ಲ. ಆಗ, ಪಾತ್ರೆ ಹೇರಲು ನಿಂತಿದ್ದ ಕೂಲಿಯಾಳುಗಳ ಎದುರಿಗೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಒಂದು ತಿಂಗಳು ಹೊರಗಿನವನು ಓಡಿಸ್ದಾಗ ಸರಿ ಇತ್ತು. ನೀವು ಬಂದ ಮೊದಲನೇ ದಿನಾನೇ ಮುರೀತಲ್ಲ ಶರಣಪ್ಪನವ್ರೇ! ಸ್ವಲ್ಪ ಕೈ ಒರಟು ನಿಮ್ಮದು" ಎಂದೆ.

ಶರಣಪ್ಪನವರು ಸಾವಕಾಶವಾಗಿ ಕೆಳಗಿಳಿದರು. ಕೀಲಿಯನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಅಂಗಡಿಯ ಮೇಜಿನ ಮೇಲಿಟ್ಟರು. "ಇರ್ಲಿ ಬಿಡ್ರಿ ಸಾವ್ಕಾರ್ರ. ಒರಟು ಕೈಯಾಗ ನಿಮ್ಮ ಕೀಲಿ ಯಾಕ ಬೇಕ್ರಿ?" ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಬೆನ್ನು ಮಾಡಿ ಹೋದದ್ದು ಅದೇ ಮೊದಲು. ವಿಚಿತ್ರ ನೋಡಿ, ಲೋಕದ ಸಕಲ ಅನಾಹುತಗಳಿಗೂ ಮುಂಚಿತವಾಗಿ ಚಿಂತೆ ಮಾಡಿಟ್ಟಿದ್ದ ನಾನು, ಇದೊಂದಕ್ಕೆ ಎಂದೂ ಮಾಡಿರಲಿಲ್ಲ.

ಯಶವಂತಪುರದಿಂದ ಮೆಕ್ಯಾನಿಕ್ ಖಾದರ್ ಸಾಬರನ್ನು ಕರೆಸಿದೆ. ಅಪ್ಪನ ಕಾಲದಿಂದ ನಮ್ಮ ಲಾರಿಗೆ ಅವರೇ ವೈದ್ಯರು. ಕೀಲಿ ಆಡಿಸಿ ನೋಡಿ, "ಒಳಗೆ ನಾಲಗೆ ಮುರಿದಿದೆ ಸಾಹೇಬ್ರೇ" ಎಂದರು. ಕೀಲಿ ತಿರುಗಿಸಿದಾಗ ಅದರ ಹಿಂದೆ ನಾಲಗೆಯಂಥ ಒಂದು ಲೋಹದ ತುಂಡು ತಿರುಗಿ ಸ್ವಿಚ್ಚನ್ನು ತಳ್ಳಬೇಕಂತೆ. ಅದು ತುಂಡಾಗಿದೆ, ಈ ಮಾದರಿಯ ಲಾರಿ ತಯಾರಾಗುವುದೇ ನಿಂತುಹೋಗಿ ಎಷ್ಟೋ ಕಾಲವಾದ್ದರಿಂದ ಹೊಸತು ಸಿಗುವುದಿಲ್ಲ. "ಒಂದು ಬಟನ್ ಹಾಕ್ಕೊಡ್ತೀನಿ. ಒತ್ತಿದ್ರೆ ಸ್ಟಾರ್ಟು. ಕೀನೇ ಬೇಡ" ಎಂದರು. ಬಟನ್ ಆದರೆ ಯಾರು ಬೇಕಾದರೂ ಒತ್ತಿಕೊಂಡು ಲಾರಿ ಕದ್ದೊಯ್ಯುತ್ತಾರಲ್ಲ ಎಂದೆ. ಕಾಫಿ ತಂದ ನಾಗರತ್ನ, "ಆ ಗಾಡಿ ಕದಿಯೋಕೆ ಬರೋನು ತಳ್ಳೋಕೆ ನಾಲ್ಕು ಜನಾನೂ ಕರ್ಕೊಂಡು ಬರ್ಬೇಕು ಕಣ್ರೀ" ಎಂದಳು. ಆದರೂ ನಾನು ಒಪ್ಪಲಿಲ್ಲ. ಮೇಜಿನ ಮೇಲೆ ಆ ಕೀಲಿ ಇತ್ತು. ಲಾರಿಗೆ ಕೀಲಿಯೇ ಬೇಡವೆಂದಾದರೆ ಅದನ್ನು ಮರಳಿ ಯಾರ ಕೈಗೆ ಕೊಡುವುದು?

ಖಾದರ್ ಸಾಬರು ಸ್ಟೀರಿಂಗ್ ಕಳಚಿ, ಕಂಬದ ಮೇಲಿನ ಮುಚ್ಚಳ ತೆಗೆದು, ಕೀಲಿ ಹೋಗುವ ಕೊಳವೆಯನ್ನು ಹೊರಗೆಳೆದು ಹಳೆಯ ಪೇಪರಿನ ಮೇಲೆ ಕುಟ್ಟಿದರು. ಕೆಂಪು ಬಣ್ಣದ ಒಂದು ಗಟ್ಟಿ ಕಡ್ಡಿ ಹೊರಬಿತ್ತು, ಇಟ್ಟಿಗೆ ಚೂರಿನಂತೆ. ಮೂಸಿ ನೋಡಿದರು. ಗಂಧದ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ. ಅವರು ನನ್ನ ಮುಖವನ್ನೇ ಗಂಭೀರವಾಗಿ ನೋಡುತ್ತಾ, "ಏನ್ ಸಾಹೇಬ್ರೇ, ಗಾಡಿಗೆ ಮದುವೆ ಗಿದುವೆ ಮಾಡಿಸಿದ್ರಾ?" ಎಂದರು. ಒಳಗೆ ಹೀಗೆ ಗಾರೆ ಕಟ್ಟಿದ್ದರೆ ಕೀಲಿ ತಿರುಗುವುದಿಲ್ಲ, ದಿನವೂ ಜಗ್ಗಿ ಜಗ್ಗಿ ನಾಲಗೆ ಸೋತಿರುತ್ತದೆ, ಕೊನೆಗೆ ಯಾರು ಮುಟ್ಟಿದರೂ ಮುರಿಯುತ್ತಿತ್ತು ಎಂದು ವಿವರಿಸಿದರು. ನಾಗರತ್ನ ಆ ಕಡ್ಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಆ ನೋಟಕ್ಕೆ.

ಮುರಿದ ನಾಲಗೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಖಾದರ್ ಸಾಬರ ಸ್ಕೂಟರಿನ ಹಿಂದೆ ಕುಳಿತು ಯಶವಂತಪುರಕ್ಕೆ ಹೋದೆ. ಲೇತ್ ಅಂಗಡಿಯಲ್ಲಿ ಅದರ ಅಳತೆಗೆ ಉಕ್ಕಿನದೇ ಹೊಸತೊಂದನ್ನು ಕಡೆದುಕೊಟ್ಟರು. ಕಿಡಿ ಹಾರುತ್ತಿದ್ದರೆ ನಾನು ಅಲ್ಲೇ ನಿಂತು, ಶರಣಪ್ಪನವರ ಮುಂದೆ ಆಡಬೇಕಾದ ಮಾತನ್ನು ಕಡೆಯುತ್ತಿದ್ದೆ. ಲೇತ್‌ನವನ ಕೆಲಸ ಬೇಗ ಮುಗಿಯಿತು. ನನ್ನದು ಮುಗಿಯಲಿಲ್ಲ.

ಗುರುವಾರ ಲಾರಿ ಸಿದ್ಧವಾಯಿತು. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಬ್ಯಾಟರಾಯನಪುರಕ್ಕೆ ಹೋದೆ. ಶರಣಪ್ಪನವರು ಬಾಗಿಲಲ್ಲಿ ಕುಳಿತು ಪೇಪರ್ ಓದುತ್ತಿದ್ದರು. "ಬರ್ರಿ" ಎಂದು ಕುರ್ಚಿ ಹಾಕಿದರು. ಅವರ ಮನೆಯವರು ಚಹಾ ಕೊಟ್ಟರು. ನಾನು ಮೊಮ್ಮಗಳು ಹೇಗಿದ್ದಾಳೆ ಎಂದೆ, ಊರಲ್ಲಿ ಬಿಸಿಲು ಹೇಗೆ ಎಂದೆ, ಚಹಾ ಚೆನ್ನಾಗಿದೆ ಎಂದೆ. ಕೊನೆಗೆ ಬೇರೆ ವಿಷಯವೇ ಉಳಿಯದೆ, "ತೂತಿನೊಳಗೆ ಕುಂಕುಮ ಗಟ್ಟಿಯಾಗಿತ್ತಂತೆ ಶರಣಪ್ಪನವ್ರೇ. ನಂದೇ" ಎಂದೆ.

"ಗೊತ್ತೈತ್ರಿ" ಎಂದರು.

"ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ಹೇಳ್ಲೇ ಇಲ್ವಲ್ರೀ!"

"ಏನಂತ ಹೇಳೂದ್ರಿ? ನೀವು ಕಣ್ಣ ಮುಚ್ಚಿ ದೇವ್ರ ಧ್ಯಾನದಾಗ ಇರ್ತಿದ್ರಿ. ಬಟ್ಟು ಸೀದಾ ತೂತಿನಾಗ ಹೋಗ್ತಿತ್ತು. ನಾ ಶನಿವಾರ ಮುಂಜಾನೆ ಬಂದು ಕಸಬರಗಿ ಕಡ್ಡೀಲೆ ತಗದು ಹಾಕ್ತಿದ್ದೆ. ಇಪ್ಪತ್ತ ವರ್ಷ ಹಂಗ ನಡೀತಲ್ರಿ, ಏನ್ ತ್ರಾಸ ಆತು? ಈ ತಿಂಗಳ ನಾ ಇರ್ಲಿಲ್ಲ, ಅಷ್ಟ."

"ಆ ಬದಲಿ ಡ್ರೈವರ್‌ಗಾದ್ರೂ ಹೇಳಿ ಹೋಗ್ಬಾರ್ದಿತ್ತಾ?"

ಶರಣಪ್ಪನವರಿಗೆ ಆ ಮಾತಿನಿಂದ ನೋವೇ ಆಯಿತು. "ಸಾವ್ಕಾರ್ರ ಪೂಜಾದ ಸುದ್ದಿ ಹೊರಗಿನಾವಗ ಹೆಂಗ ಹೇಳೂದ್ರಿ? ನಗ್ತಿದ್ದ ಅವ."

ನಾನು ಚಹಾದ ಲೋಟ ಕೆಳಗಿಟ್ಟೆ. ನನ್ನ ಮರ್ಯಾದೆಯನ್ನು ಇವರು ಪ್ರತಿ ಶನಿವಾರ ಪೊರಕೆ ಕಡ್ಡಿಯಿಂದ ಕಾಪಾಡಿಕೊಂಡು ಬಂದಿದ್ದರು. ಅವರದನ್ನು ನಾನು ಒಂದೇ ಬೆಳಿಗ್ಗೆ, ಕೂಲಿಯಾಳುಗಳ ಎದುರಿಗೇ ಕಳೆದಿದ್ದೆ. ಕಡೆದಿಟ್ಟುಕೊಂಡ ಮಾತೊಂದೂ ಬರಲಿಲ್ಲ. ಕೀಲಿ ತೆಗೆದು ಕುರ್ಚಿಯ ಕೈ ಮೇಲಿಟ್ಟೆ. ಅವರು ಮುಟ್ಟಲಿಲ್ಲ. "ಕೈ ಒರಟು ಐತ್ರಿ" ಎಂದರು. "ಕೈ ಅಲ್ಲ, ನನ್ನ ಬಾಯಿ ಒರಟು. ತಪ್ಪಾಯ್ತು" ಎಂದೆ. ಒಳಗಿನಿಂದ ಅವರ ಮನೆಯವರು, "ತಗೊಳ್ರಿ ಸುಮ್ನ, ಮನ್ಯಾಗ ಕುಂತು ನನ್ನ ಜೀವಾ ತಿನ್ನಾಕತ್ತೀರಿ" ಎಂದರು. ಶರಣಪ್ಪನವರು ಕೀಲಿ ತೆಗೆದುಕೊಂಡು ಟವೆಲಿನಿಂದ ಒರೆಸಿ ಜೇಬಿಗಿಟ್ಟುಕೊಂಡರು.

ಮಾರನೆಯ ದಿನ ಶುಕ್ರವಾರ. ಪೂಜೆ ಬಿಡೋಣವೆಂದರೆ ಧೈರ್ಯವಿಲ್ಲ, ಮಾಡೋಣವೆಂದರೆ ಮುಖವಿಲ್ಲ. ಕುಂಕುಮದ ಬಟ್ಟಲು ಹಿಡಿದು ಲಾರಿಯ ಬಳಿ ಸುಮ್ಮನೆ ನಿಂತಿದ್ದೆ. ಶರಣಪ್ಪನವರು ಒಳಗಿನಿಂದ, "ಬರ್ರಿ, ಹೊತ್ತಾತು" ಎಂದರು. ನಾನು ಹತ್ತಿ, ಎಂದಿನಂತೆ ಕಣ್ಣು ಮುಚ್ಚಿ ಬೊಟ್ಟಿಟ್ಟೆ. ಬೆರಳಿಗೆ ತಗ್ಗು ತಾಗಲಿಲ್ಲ, ಬೆಚ್ಚಗಿನದೇನೋ ತಾಗಿತು. ಕಣ್ಣು ತೆರೆದರೆ ಶರಣಪ್ಪನವರು ಕೀಲಿಯ ತೂತಿನ ಮೇಲೆ ಹೆಬ್ಬೆರಳು ಒತ್ತಿ ಕುಳಿತಿದ್ದರು. ಕುಂಕುಮ ಅವರ ಉಗುರಿನ ಮೇಲೆ ದುಂಡಗೆ ನಿಂತಿತ್ತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ. ಹಾಗೇ ಕೀಲಿ ಹಾಕಿ ತಿರುಗಿಸಿದರು. ಲಾರಿ ಒಂದೇ ಸಲಕ್ಕೆ ಎದ್ದಿತು.

ವಿದ್ಯಾರಣ್ಯಪುರದ ಗೃಹಪ್ರವೇಶಕ್ಕೆ ಪಾತ್ರೆ ಹೇರಿಕೊಂಡು ಅದು ತಿರುವು ದಾಟುವವರೆಗೂ ನೋಡುತ್ತಾ ನಿಂತೆ. ಮನಸ್ಸು ಹಗುರವಾಗಿತ್ತು, ಸುಮಾರು ಎರಡು ನಿಮಿಷ. ಆಮೇಲೆ ನೆನಪಾಯಿತು: ಮುಂದಿನ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಅವರು ಮತ್ತೆ ಊರಿಗೆ ಹೋಗುತ್ತಾರೆ. ಆಗ ತೂತಿನ ಮೇಲೆ ಬೆರಳಿಡುವವರು ಯಾರು? ನಾನೇ ಇಟ್ಟುಕೊಳ್ಳಬಹುದು, ಬಟ್ಟಲು ಕೆಳಗಿಟ್ಟರೆ ಎಡಗೈ ಖಾಲಿಯೇ ಇರುತ್ತದೆ. ಆದರೆ ನನ್ನ ಹೆಬ್ಬೆರಳು ಸರಿಯಾದ ಜಾಗದಲ್ಲೇ ಇದೆಯೋ ಇಲ್ಲವೋ ಎಂದು ಪ್ರತಿ ಸಲವೂ ಕಣ್ಣು ತೆರೆದು ನೋಡಬೇಕಾಗುತ್ತದೆ. ಕನಿಷ್ಠ ಎರಡು ಸಲ.