ಹತ್ತು ಸೆಕೆಂಡಿನ ಮೌನ

ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟದ ಕೆಲಸವೆಂದು ಬಿ.ಎಡ್. ತರಬೇತಿಗೆ ಶಾಲೆಗೆ ಬಂದಿದ್ದ ಮೇಷ್ಟ್ರಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಅರಳು ಹುರಿದಂತೆ ಮಾತಾಡುವ ಅವನು ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದ. ಅದಕ್ಕೇ ಅವನ ಪ್ರೊಫೆಸರು ಸಂಶೋಧನೆಗೆ ಆ ವಿಷಯವನ್ನೇ ಕೊಟ್ಟಿದ್ದರು: ಪ್ರಶ್ನೆ ಕೇಳಿ ಹತ್ತು ಸೆಕೆಂಡು ಸುಮ್ಮನಿದ್ದರೆ ಮಕ್ಕಳು ಯೋಚಿಸಿ ಉತ್ತರಿಸುತ್ತಾರೆಯೇ? ಐದು ಪ್ರಶ್ನೆಗಳ ಫಲಿತಾಂಶ ಸಂಜೆಯೊಳಗೆ ಕೊಡದಿದ್ದರೆ ಸರ್ಟಿಫಿಕೇಟು ಕೈತಪ್ಪಿದಂತೆಯೇ. ಮಕ್ಕಳಿಗೆ ಗುಟ್ಟು ಹೇಳುವಂತಿಲ್ಲ. ನಡುವೆ ಯಾರಾದರೂ ಬಾಯಿ ಹಾಕಿದರೆ ಎಣಿಕೆ ಮತ್ತೆ ಒಂದರಿಂದ.

ಒಂಬತ್ತನೇ ತರಗತಿಯಲ್ಲಿ ನಿಂತು ಕೇಳಿದ: "ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತೆ?"

ಒಂದು, ಎರಡು, ಮೂರು...

"ಸರ್, ಮರೆತುಹೋಯ್ತಾ?" ಮುಂದಿನ ಬೆಂಚಿನಿಂದ ಕ್ಲಾಸ್ ಲೀಡರ್ ಮೆಲ್ಲಗೆ ಕೇಳಿದಳು.

ಮತ್ತೆ ಒಂದು. ಆರಕ್ಕೆ ಬರುವಷ್ಟರಲ್ಲಿ ಅವಳೇ ನೀರಿನ ಬಾಟಲಿ ತಂದು, "ಕುಡೀರಿ ಸರ್, ನೆನಪಾಗುತ್ತೆ" ಎಂದಳು.

ಈ ಕ್ಲಾಸಿನಿಂದ ಸದ್ದೇ ಇಲ್ಲದ್ದು ಕಂಡು ಗಾಬರಿಯಾದ ಪಕ್ಕದ ಕೋಣೆಯ ಗಣಿತದ ಮೇಡಂ ಕಿಟಕಿಯಲ್ಲಿ ಇಣುಕಿದರು. ಗುಟುಕು ನೀರಿಗೆ ಬಾಯ್ತೆರೆದ ಮೀನಿನಂತೆ ನಿಂತವನನ್ನು ನೋಡಿ ಅವರ ಕರುಳು ಚುರ್ರೆಂದಿತು. "ಗಾಳಿ, ನೀರು ಅಂತ ಶುರು ಮಾಡಪ್ಪಾ!" ಎಂದು ಪಿಸುಗುಟ್ಟಿದರು.

ಮತ್ತೆ ಒಂದು. ಯಾರು ಸುದ್ದಿ ಮುಟ್ಟಿಸಿದರೋ, ಹೆಡ್ ಮೇಡಂ ಕುರ್ಚಿ ಹಿಡಿದುಕೊಂಡೇ ಬಂದರು. "ಕೂತ್ಕೋ ಮಗೂ. ಮೊದಲ ಸಲ ನನಗೂ ಕೈಕಾಲು ನಡುಗಿತ್ತು."

ಅವನು ಕೂರಲಿಲ್ಲ, ಮಾತೂ ಆಡಲಿಲ್ಲ. ಕಣ್ಣಲ್ಲಿ ನೀರು ಬಂತು. ಇಡೀ ಕೋಣೆ ಉಸಿರು ಬಿಗಿಹಿಡಿಯಿತು. ಎಂಟು, ಒಂಬತ್ತು, ಹತ್ತು!

ಕೊನೆಯ ಬೆಂಚಿನಲ್ಲಿ ಒಬ್ಬಳು ಎದ್ದಳು. ಹಾಜರಿಗೂ ಕೈಯೆತ್ತುತ್ತಿದ್ದಳೇ ಹೊರತು ಎರಡು ವರ್ಷದಿಂದ ಅವಳ ದನಿ ಕೇಳಿದವರಿಲ್ಲ. "ಕಬ್ಬಿಣ ಒದ್ದೆಯಾದಾಗ ಗಾಳಿಯಲ್ಲಿರೋ ಆಮ್ಲಜನಕದ ಜೊತೆ ಸೇರಿ ತುಕ್ಕಾಗುತ್ತೆ. ಬಣ್ಣ ಬಳಿದರೆ ತಡೀಬಹುದು" ಎಂದಳು.

ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. "ಯೋಚನೆ ಮಾಡೋಕೆ ಸಮಯ ಸಿಕ್ತು, ಅಲ್ವೇನಮ್ಮಾ?"

"ಉತ್ತರ ಆಗಲೇ ಗೊತ್ತಿತ್ತು ಸರ್. ನೀವು ಅಳೋದನ್ನ ನೋಡೋಕಾಗಲಿಲ್ಲ."

ಮೇಷ್ಟ್ರು ಪ್ರಶ್ನೆಗಳ ಚೀಟಿ ತಿರುವಿದ. ಹೋಗಲಿ, ಇನ್ನೂ ನಾಲ್ಕು ಪ್ರಶ್ನೆಗಳಿವೆ. "ಸರಿ, ಎಲೆ ಹಸಿರಾಗಿರೋದು..."

"ಪತ್ರಹರಿತ್ತು ಸರ್!" ನಲವತ್ತು ಗಂಟಲು ಒಟ್ಟಿಗೆ.

"ಮುಂದಿನದು..."

"ಗುರುತ್ವಾಕರ್ಷಣೆ ಸರ್!"

"ಇನ್ನೂ ಕೇಳಿಲ್ಲವಲ್ಲೋ!"

ಲೀಡರ್ ಎದ್ದು ಸಮಾಧಾನ ಹೇಳಿದಳು: "ಹೆದರ್ಬೇಡಿ ಸರ್. ಇನ್ಮೇಲೆ ನಿಮ್ಮನ್ನ ಒಂದು ಸೆಕೆಂಡೂ ಕಾಯಿಸಲ್ಲ."