ಮಾವನ ಅಕ್ಕಿ

ಮದುವೆಯಾದಂದಿನಿಂದ ಶುದ್ಧಪ್ಪ ಮಾವನ ಗದ್ದೆಯ ಅಕ್ಕಿಯನ್ನು ಬಾಯಿಗಿಟ್ಟವನಲ್ಲ. ಶುದ್ಧಪ್ಪ ಎಂಬುದು ಧಾನ್ಯ ಪರೀಕ್ಷಿಸುವ ಕಚೇರಿಯಲ್ಲಿ ಜೊತೆಯವರು ಇಟ್ಟ ಹೆಸರು. ಕುರ್ಚಿ ಒರೆಸದೆ ಕೂರುವ ಆಸಾಮಿಯೇ ಅಲ್ಲ. ಮಾವನ ಗದ್ದೆಯ ಪಕ್ಕದಲ್ಲೇ ಹಳೆ ಬ್ಯಾಟರಿ ಕರಗಿಸುವ ಕಾರ್ಖಾನೆ. ಅಲ್ಲಿಯ ಅಕ್ಕಿ ತಿಂದರೆ ಹೊಟ್ಟೆಗೆ ಸೀಸ ಇಳಿದಂತೆಯೇ ಎಂದು ಇವನ ವಾದ. ಮಾವ ಪ್ರೀತಿಯಿಂದ ವರ್ಷವರ್ಷ ಕಳಿಸುವ ಮೂಟೆ ಸೀದಾ ಮಹಡಿ ಮನೆಯ ಅಜ್ಜಿಗೆ ಹೋಗುತ್ತಿತ್ತು. ಇವರ ಮನೆಗೆ ಹೊಳೆಯುವ ಪ್ಯಾಕೆಟ್ಟಿನ ದುಬಾರಿ ಅಕ್ಕಿ.

ಆ ದಿನ ಬೆಳಿಗ್ಗೆ ಅವನ ಮೇಜಿನ ಮೇಲೆ ಬಂದು ಕೂತದ್ದು ಮಾವನ ಅಕ್ಕಿಯ ಪುಟ್ಟ ಚೀಲ. ಕಾರ್ಖಾನೆ ಸುತ್ತಲಿನ ಬೆಳೆಯನ್ನೆಲ್ಲ ಪರೀಕ್ಷಿಸಿ, ಸೀಸ ಕಂಡರೆ ಕಣಜಕ್ಕೆ ಬೀಗ ಹಾಕಬೇಕೆಂದು ಆಜ್ಞೆಯಾಗಿತ್ತು. ಅಕ್ಕಿ ಪುಡಿ ಮಾಡಿ ಕೊಡುವುದು ಇವನ ಕೆಲಸ, ಯಂತ್ರಕ್ಕೆ ಹಾಕುವುದು ಮೇಲಧಿಕಾರಿಯ ಕೆಲಸ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಅಪ್ಪನ ಇಡೀ ವರ್ಷದ ಬೆಳೆ ರೀ ಅದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಅಪ್ಪನ ಮನೇಲೇ ಇದ್ದುಬಿಡ್ತೀನಿ, ನೋಡಿ."

ಮಾವನ ಅಕ್ಕಿ ಪಾಸಾಗುವ ಮಾತೇ ಇಲ್ಲ ಎಂದು ಶುದ್ಧಪ್ಪನಿಗೆ ಖಾತ್ರಿ. ಜನ್ಮದಲ್ಲಿ ಸುಳ್ಳಾಡದವನು ಊಟದ ಡಬ್ಬಿ ಮರೆತೆನೆಂದು ಮನೆಗೆ ಓಡಿದ. ಡಬ್ಬಿ ಕಂಕುಳಲ್ಲೇ ಇದ್ದದ್ದನ್ನು ನೋಡಿ ಕಾವಲುಗಾರ ನಕ್ಕ. ಹೆಂಡತಿ ಮಹಡಿಯ ಮೇಲೆ ಅಜ್ಜಿಯ ಜೊತೆ ಹರಟುತ್ತಿದ್ದಳು. ಶುದ್ಧಪ್ಪ ಕಳ್ಳಬೆಕ್ಕಿನ ಹಾಗೆ ಅಡುಗೆಮನೆಗೆ ನುಗ್ಗಿ, ತಮ್ಮ ಪ್ಯಾಕೆಟ್ ಅಕ್ಕಿಯನ್ನು ಒಂದು ಜೇಬಿಗೆ ತುಂಬಿಕೊಂಡು ಕಚೇರಿಗೆ ವಾಪಸು ಬಂದ. ಮಾವನ ಅಕ್ಕಿ ಇನ್ನೊಂದು ಜೇಬಿಗೆ ಸೇರಿತು, ತನ್ನ ಮನೆಯ ಅಕ್ಕಿ ಪುಡಿಯಾಗಿ ಯಂತ್ರಕ್ಕೆ ಹೋಯಿತು.

ಮಧ್ಯಾಹ್ನ ಮೇಲಧಿಕಾರಿ ತಲೆ ಅಲ್ಲಾಡಿಸುತ್ತ ಹೊರಗೆ ಬಂದರು. "ಇಷ್ಟೊಂದು ಸೀಸ ನಾನು ಯಾವತ್ತೂ ಕಂಡಿಲ್ಲ ಕಣ್ರೀ. ಪಾಪ, ಇದನ್ನ ತಿಂದೋರ ಗತಿ ಏನು?"

ತಿಂದವನು ಅವರ ಎದುರಿಗೇ ನಿಂತಿದ್ದ. ಅವರು ಆಗಲೇ ಮಾವನಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿಯೂ ಆಗಿತ್ತು. ಎಲ್ಲರೂ ಮನೆಗೆ ಹೋದ ಮೇಲೆ ಶುದ್ಧಪ್ಪ ಜೇಬಿನಲ್ಲಿದ್ದ ಮಾವನ ಅಕ್ಕಿಯನ್ನು ತಾನೇ ಪರೀಕ್ಷಿಸಿದ. ಸೀಸದ ಸುಳಿವೇ ಇರಲಿಲ್ಲ.

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಾವನ ಬೆಳೆ ಹೋಗುತ್ತದೆ. ದಾರಿಯುದ್ದಕ್ಕೂ ಒದ್ದಾಡಿ, ಆದದ್ದಾಗಲಿ ಹೇಳಿಯೇ ಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಮನೆಗೆ ಬಂದ. ಒಳಗೆ ಮಾವ ಕೂತಿದ್ದರು. ಬೈಯಲಿಲ್ಲ, ಅಳಿಯನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮನ್ನ ಜಂಬದೋರು ಅಂದ್ಕೊಂಡಿದ್ದೆ, ಅಳಿಯಂದ್ರೇ. ನೀವು ಹೇಳಿದ್ದೇ ನಿಜ ಆಯ್ತು. ಬೀಗ ಹಾಕೋವರೆಗೂ ನಾನು ಕಾಯಲಿಲ್ಲ, ಅಷ್ಟನ್ನೂ ಗುಂಡಿ ತೋಡಿಸಿ ಮುಚ್ಚಿಸಿಬಿಟ್ಟೆ. ಇನ್ಮೇಲೆ ನೀವು ತಿನ್ನೋ ಅಕ್ಕಿನೇ ನಾವೂ ತಿಂತೀವಿ."

ಶುದ್ಧಪ್ಪ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಹೆಂಡತಿ ತಟ್ಟೆ ತಂದಿಟ್ಟು, ಎಂದೂ ಇಲ್ಲದ ಅಕ್ಕರೆಯಿಂದ ಅನ್ನ ಗುಡ್ಡೆ ಹಾಕಿದಳು. ಅವನ ಕಣ್ಣು ತಾನಾಗಿಯೇ ಮೇಲಕ್ಕೆ ಹೋಯಿತು. ಮಹಡಿಯ ಅಜ್ಜಿಯ ಹತ್ತಿರ ಹಳೆ ಮೂಟೆಯಲ್ಲಿ ಒಂದಿಷ್ಟಾದರೂ ಉಳಿದಿರಬೇಕಲ್ಲ.

ಹೆಂಡತಿಗೆ ಅವನ ನೋಟ ಅರ್ಥವಾಯಿತು. "ಅಜ್ಜಿ ಚಿಂತೆ ಬಿಡಿ," ಎಂದಳು. "ಅವರ ಮನೇಲಿದ್ದದ್ದನ್ನೂ ಎಸೆದು, ನಮ್ಮ ಅಕ್ಕಿನೇ ಕೊಟ್ಟು ಬಂದೆ."