ಹಸಿರಪ್ಪನ ಕೊನೆಯ ತೊಟ್ಟು ಆಂಟಿಬಾಡಿ

ಸೀಸೆಯಲ್ಲಿ ಉಳಿದಿದ್ದು ಒಂದೇ ತೊಟ್ಟು ಆಂಟಿಬಾಡಿ. ಹೊಸದು ಬರಲು ತಿಂಗಳುಗಳೇ ಬೇಕು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬೆಳಗ್ಗೆಯೇ ಹೇಳಿಬಿಟ್ಟಿದ್ದರು: "ಸಂಜೆಯೊಳಗೆ ಚಿತ್ರ ತೋರಿಸು. ಇಲ್ಲಾಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ."

ಅಲ್ಲಿಯವರೆಲ್ಲ ಹಸಿರಪ್ಪ ಎಂದು ಕರೆಯುತ್ತಿದ್ದ ನಮ್ಮ ಸಂಶೋಧಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ವರ್ಷಗಟ್ಟಲೆ ಅವನು ಬೆನ್ನು ಹತ್ತಿದ್ದು ಲೋಳೆಮೀನಿನಿಂದ ಬಂದ ಒಂದು ಹಸಿರು ಪ್ರೋಟೀನನ್ನು. ಜೀವಕೋಶದೊಳಗೆ ಸೇರಿಸಿದರೆ ಮಿಂಚುಹುಳದ ಹಾಗೆ ಹೊಳೆಯುತ್ತದೆ. ಚಿತ್ರ ತೆಗೆಯುವ ಮುಂಚೆ ಕೋಶ ಕೆಡದಿರಲೆಂದು ಮದ್ಯಸಾರದಲ್ಲಿ ಅದ್ದಿದರೆ ಮುನಿಸಿಕೊಂಡು ಮಂಕಾಗುತ್ತದೆ. ಆಗ ಅದು ಎಲ್ಲಿ ಅಡಗಿದೆಯೋ ಅಲ್ಲಿಗೇ ಹೋಗಿ ಕೆಂಪು ಬಣ್ಣ ಅಂಟಿಸುವುದು ಆಂಟಿಬಾಡಿಯ ಕೆಲಸ. ಕೋಶದ ಆ ಸಂತೆಯಲ್ಲಿ ಸಾವಿರಾರು ಪ್ರೋಟೀನುಗಳಿದ್ದರೂ ಬೇರೆ ಯಾರ ತಂಟೆಗೂ ಅದು ಹೋಗುವುದಿಲ್ಲ. ಮದುವೆ ಮನೆಯಲ್ಲಿ ಸ್ವಂತ ಹೆಂಡತಿಯನ್ನೇ ಹುಡುಕಲಾರದ ಹಸಿರಪ್ಪನಿಗೆ ಇದನ್ನು ನೆನೆದಾಗಲೆಲ್ಲ ಮೈ ಜುಂ ಎನ್ನುತ್ತಿತ್ತು.

ಎರಡು ತಟ್ಟೆಗಳಿದ್ದವು. ಒಂದರಲ್ಲಿ ಹಸಿರು ಕೋಶಗಳು. ಇನ್ನೊಂದು ಕಂಟ್ರೋಲ್, ಅಂದರೆ ಹಸಿರೇ ಇಲ್ಲದ ಕೋಶಗಳು. ಅದು ಕತ್ತಲಾಗಿಯೇ ಉಳಿದರೆ ಮಾತ್ರ ಮೊದಲನೆಯದರ ಬೆಳಕನ್ನು ನಂಬಬಹುದು.

"ಪೂರ್ತಿ ಒಂದಕ್ಕೇ ಹಾಕ್ಬಿಡು," ಎಂದ ಎದುರು ಮೇಜಿನವನು.

"ಕಂಟ್ರೋಲ್ ಇಲ್ದೆ ಹೋದ್ರೆ ಮೇಡಂ ಚರ್ಮ ಸುಲೀತಾರೆ ಕಣೋ," ಎಂದ ಕಿಟಕಿ ಪಕ್ಕದವನು.

ಈ ವಾದದ ನಡುವೆ ತೊಟ್ಟು ಹೋಗಿ ಮುಚ್ಚಳಕ್ಕೆ ಅಂಟಿಕೊಂಡಿತು. ಒಬ್ಬ ಸೀಸೆಯನ್ನು ತಟ್ಟು ಎಂದ, ಇನ್ನೊಬ್ಬ ತಟ್ಟಬೇಡ ಎಂದ. ಹಸಿರಪ್ಪ ಉಸಿರು ಬಿಗಿಹಿಡಿದು ಅದನ್ನು ಕೆಳಗಿಳಿಸಿ, ನೀರು ಬೆರೆಸಿ ಎರಡು ಪಾಲು ಮಾಡಿ ಎರಡೂ ತಟ್ಟೆಗೆ ಹಾಕಿದ.

ಸಂಜೆ ಕತ್ತಲೆ ಕೋಣೆಯಲ್ಲಿ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಪರದೆಯ ಮೇಲೆ ಕೋಶದ ಎಳೆಎಳೆಯೂ ಕೆಂಡದಂತೆ ಬೆಳಗಿತು. ಕಣ್ಣಿಗೇ ಕಾಣದ ಜಾಗದಲ್ಲಿ ಇಷ್ಟೊಂದು ಬೆಡಗು ಯಾರಿಗಾಗಿ ಎಂದುಕೊಂಡ ಹಸಿರಪ್ಪ.

"ಅದ್ಭುತ," ಎಂದರು ಮೇಡಂ ಮೆಲ್ಲಗೆ. "ಎಲ್ಲಿ, ಕಂಟ್ರೋಲ್ ಇಡು."

ಕಂಟ್ರೋಲ್ ಕೂಡ ಬೆಳಗಿತು. ಇನ್ನೂ ಚೆನ್ನಾಗಿಯೇ ಬೆಳಗಿತು.

"ಆಂಟಿಬಾಡಿ ಕಂಡಕಂಡಲ್ಲಿ ಅಂಟಿದೆ. ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದರು ಮೇಡಂ.

ಆಗ ಬಾಗಿಲಲ್ಲಿ ಅಕ್ಕ ಇಣುಕಿದಳು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಕೋಶ ಬೆಳೆಸಿಕೊಡುವವಳು, ಹಾಗಾಗಿ ಎಲ್ಲರಿಗೂ ಅಕ್ಕ. ಸೊರಗಿದ ತಟ್ಟೆ ಕಂಡರೆ ಅವಳಿಗೆ ಊಟ ಸೇರದು. "ಚೆನ್ನಾಗಿ ಬಂತೇನೋ? ನಿನ್ನೆ ನೋಡ್ದೆ, ನಿನ್ನ ಒಂದು ತಟ್ಟೇಲಿ ಹಸಿರೇ ಇರ್ಲಿಲ್ಲ. ಮುಚ್ಚಳದ ಮೇಲೂ ಏನೂ ಬರೆದಿಲ್ಲ. ಪಾಪ, ಬೈಸ್ಕೋತೀಯ ಅಂತ ಅದನ್ನ ಚೆಲ್ಲಿ ನನ್ನ ಹಸಿರು ಕೋಶ ತುಂಬಿಟ್ಟೆ."

ಹಸಿರಪ್ಪನಿಗೆ ಅಳುವುದೋ ಕೈಮುಗಿಯುವುದೋ ತಿಳಿಯಲಿಲ್ಲ. ಯಾರೂ ಹೇಳದಿದ್ದರೂ ಆಂಟಿಬಾಡಿ ಅಲ್ಲೂ ಹಸಿರನ್ನು ಹುಡುಕಿತ್ತು.

"ಹಾಗಾದ್ರೆ ಅದು ಎರಡರಲ್ಲೂ ನಿಜಾನೇ ಹೇಳಿದೆ ಮೇಡಂ," ಎಂದ ಆಸೆಯಿಂದ.

"ಹೇಳಿದೆ," ಎಂದರು ಮೇಡಂ, ಎರಡನೇ ತಟ್ಟೆಯಿಂದ ಕಣ್ಣು ತೆಗೆಯದೆ. "ಎಂಥಾ ಕೋಶಗಳು ಇವು! ನಾಳೆಯಿಂದ ಈ ಕೆಲಸ ಅಕ್ಕನೇ ಮಾಡ್ಲಿ."

ಅಕ್ಕ ಹಸಿರಪ್ಪನ ಬೆನ್ನು ಸವರಿದಳು. "ಬೇಜಾರು ಮಾಡ್ಕೋಬೇಡ ಕಣೋ. ನನ್ನ ಕಂಟ್ರೋಲ್ ತಟ್ಟೆ ಕಾಯೋಕೆ ಮೇಡಂ ಹತ್ರ ಕೇಳಿ ನಿನ್ನನ್ನೇ ಹಾಕಿಸ್ಕೋತೀನಿ."